ಮುಸ್ತಫನ ತಟ್ಟೆ

ನೆಯ್ಚೋರಿನ, ಅಂದರೆ ತುಪ್ಪದನ್ನದ, ಪರಿಮಳಕ್ಕೆ ಎಲ್ಲರಿಗೂ ಹಸಿವಾಗುತ್ತದೆ. ನನಗೆ ಆಗುವುದಿಲ್ಲ. ಕಳೆದ ತಿಂಗಳು ಉಪ್ಪಳದಲ್ಲಿ ಹಳೆಯ ಸಹೋದ್ಯೋಗಿಯೊಬ್ಬಳ ಮಗಳ ಮದುವೆಗೆ ಹೋಗಿದ್ದೆ. ಹಾಲ್‌ನ ಹಿಂದುಗಡೆ ತಗಡಿನ ಮಾಡಿನ ಕೆಳಗೆ ಅಡಿಗೆಯ ದೊಡ್ಡ ಹಂಡೆಗಳ ಮುಚ್ಚಳ ತೆಗೆದರು. ತುಪ್ಪ, ಹುರಿದ ನೀರುಳ್ಳಿ, ಏಲಕ್ಕಿ ಸೇರಿದ ಬಿಸಿ ಹಬೆ ಅಂಗಳವಿಡೀ ಹರಡಿತು. ಗಂಡಸರು ನಾಲ್ಕೈದು ಮಂದಿ ಒಂದೊಂದು ಹರಿವಾಣದ ಸುತ್ತ ಮಂಡಿ ಮಡಚಿ ಕುಳಿತು, ನಡುವಿನ ಒಂದೇ ರಾಶಿಯಿಂದ ಉಣ್ಣಲು ತೊಡಗಿದರು. ನಾನು ಮದುಮಗಳ ಕೈಗೆ ಉಡುಗೊರೆ ಕೊಟ್ಟು, ಊಟಕ್ಕೆ ನಿಲ್ಲದೆ ಹೊರಗೆ ಬಂದು, ಕುಂಬಳೆ ಕಡೆಯ ಬಸ್ಸು ಹತ್ತಿ ಶಿರಿಯದಲ್ಲಿ ಇಳಿದೆ. ಅಲ್ಲಿ ಬೀಫಾತಿಮ್ಮನ ಮನೆ ಉಂಟು. ಅವರ ಹಿರಿಯ ಮಗ ಮುಸ್ತಫ ತೀರಿಕೊಂಡ ಮೇಲೆ ನಾನು ಆ ಮನೆಗೆ ಹೋಗಿರಲಿಲ್ಲ.

ಅಲ್ಲಿ ಏನಾಯಿತೆಂದು ಹೇಳುವ ಮೊದಲು 2013ರ ಮಳೆಗಾಲದ ಸಂಗತಿ ಹೇಳಬೇಕು.

ನಾನು ಹುಟ್ಟಿದ್ದು ಕಾಸರಗೋಡಿನ ಮುಳ್ಳೇರಿಯದ ಕಡೆ. ನರ್ಸಿಂಗ್ ಕಲಿತದ್ದು ಮಂಗಳೂರಿನ ಒಂದು ಹಳೆಯ ಮಿಶನ್ ಆಸ್ಪತ್ರೆಯಲ್ಲಿ. ಅಲ್ಲಿ ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಉಣ್ಣಬೇಕು. ಒಬ್ಬಳ ತಟ್ಟೆ, ಲೋಟ, ಟವೆಲ್ಲು ಇನ್ನೊಬ್ಬಳು ಮುಟ್ಟುವಂತಿಲ್ಲ. ಮೇಟ್ರನ್ ಕಲಿಸಿದ ಆ ಕ್ರಮ ಮೈಗೆ ಹತ್ತಿ ಹೋಗಿದೆ. ಇವತ್ತಿಗೂ ಹಾಸಿಗೆಯ ಚಾದರದ ಮೂಲೆ ಮಡಚದೆ ನಾನು ಚಾ ಕುಡಿಯುವುದಿಲ್ಲ. ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದ ಮರುವರ್ಷ, ಡಾಕ್ಟರ್ ವೀಣಾ ಎಂಬವರು ಫೋನ್ ಮಾಡಿದರು. ಹಿಂದೆ ನನ್ನ ವಾರ್ಡಿನಲ್ಲಿ ಹೌಸ್ ಸರ್ಜನ್ ಆಗಿದ್ದವರು, ಆಗ ಮಂಗಳೂರಿನಲ್ಲಿ ಲಿವರ್ ಬಗ್ಗೆ ಸಂಶೋಧನೆ ಮಾಡುತ್ತಿದ್ದರು.

"ಸಿಸ್ಟರ್, ನಮಗೆ ಕಾಸರಗೋಡಿನಲ್ಲಿ ಒಬ್ಬರು ಬೇಕು. ಮಾತು ಗೊತ್ತಿರುವವರು, ಮನೆಯೊಳಗೆ ಹೋಗಬಲ್ಲವರು, ಕ್ರಮ ತಪ್ಪದವರು. ನನಗೆ ನಿಮ್ಮದೇ ನೆನಪಾಯಿತು."

ಕೆಲಸ ಹೆಪಟೈಟಿಸ್ ಬಿ ರೋಗಿಗಳದ್ದು. ಈ ವೈರಸ್ ಕೆಲವರ ಲಿವರ್‌ನಲ್ಲಿ ಹೊಕ್ಕು, ಹೊರಗೆ ಏನೂ ತೋರಿಸದೆ ಇಡೀ ಆಯುಷ್ಯ ಕುಳಿತಿರುತ್ತದೆ. ಕೆಲವರಿಗೆ ಅದರಿಂದ ಏನೂ ಆಗುವುದಿಲ್ಲ. ಕೆಲವರ ಲಿವರ್ ಮಾತ್ರ ಗಾಯದ ಕಲೆಗಳಿಂದ ಗಡುಸಾಗುತ್ತ ಹೋಗಿ, ಕಡೆಗೆ ಅಲ್ಲೊಂದು ಗಡ್ಡೆ ಏಳುತ್ತದೆ. ಯಾಕೆ ಒಬ್ಬರಿಗೆ ಹೀಗೆ, ಇನ್ನೊಬ್ಬರಿಗೆ ಹಾಗೆ ಎಂಬುದು ವೀಣಾ ಅವರ ಪ್ರಶ್ನೆ. ಅದಕ್ಕೆ ಅವರು ಲಿವರ್‌ನ ಜೀವಕೋಶಗಳ ಒಳಗೇ ನೋಡುತ್ತಿದ್ದರು: ವೈರಸ್ ಬೀಡುಬಿಟ್ಟ ಕಡೆ ಯಾವ ಜೀನುಗಳು ಕೆಲಸ ಮಾಡುತ್ತಿವೆ, ಯಾವುವು ಸುಮ್ಮನಾಗಿವೆ, ಅವನ್ನು ಸುಮ್ಮನಾಗಿಸುವ ಮೈಕ್ರೋ ಆರ್‌ಎನ್‌ಎ ಎಂಬ ಚಿಕ್ಕ ಚಿಕ್ಕ ತುಣುಕುಗಳು ಹೆಚ್ಚಾಗಿವೆಯೋ ಕಡಿಮೆಯಾಗಿವೆಯೋ ಎಂದು. ಚಿಕಿತ್ಸೆಗಾಗಿ ಹೇಗೂ ಸೂಜಿಯಿಂದ ತೆಗೆಯುವ ಲಿವರ್ ಚೂರಿನಲ್ಲಿ ಸ್ವಲ್ಪವನ್ನು, ರೋಗಿ ಒಪ್ಪಿದರೆ, ಈ ಕೆಲಸಕ್ಕೆ ತೆಗೆದಿಡಬೇಕು. ಒಪ್ಪಿಗೆ ಕೇಳುವುದು, ಜೊತೆಗೆ ಹೋಗುವುದು, ಚೂರನ್ನು ಕ್ರಮವಾಗಿ ತಣ್ಣಗಿಡುವುದು ನನ್ನ ಪಾಲು.

ಕಾಸರಗೋಡಿನಲ್ಲಿ ಇಂಥ ರೋಗಿಗಳನ್ನು ಹುಡುಕಲು ಕಷ್ಟವಿಲ್ಲ. ಗಲ್ಫಿಗೆ ಹೋಗುವವರೆಲ್ಲ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು. ಅದರಲ್ಲಿ ಈ ವೈರಸ್ ಕಂಡರೆ ವೀಸಾ ಇಲ್ಲ. ಊರಲ್ಲಿ ಅವರಿಗೊಂದು ಹೆಸರೇ ಬಿದ್ದಿರುತ್ತದೆ: ಅನ್‌ಫಿಟ್. "ಇಂಥವರ ಮಗ ಅನ್‌ಫಿಟ್ ಅಂತೆ" ಎಂದು ಪೇಟೆಯಲ್ಲಿ ಒಬ್ಬ ಹೇಳಿದರೆ ಸಂಜೆಯೊಳಗೆ ಮಸೀದಿಯ ಹಿಂದಿನ ಮನೆಗಳಿಗೆಲ್ಲ ಗೊತ್ತು.

ಮುಸ್ತಫ ಹಾಗೆ ಬಂದವನು. ಜೂನ್ ತಿಂಗಳ ಮೊದಲ ಜೋರು ಮಳೆಯ ದಿನ, ಕಾಸರಗೋಡಿನ ಆಸ್ಪತ್ರೆಯಲ್ಲಿ ನಮಗೆ ಕೊಟ್ಟಿದ್ದ ಕೋಣೆಯ ಬಾಗಿಲಲ್ಲಿ ಕೊಡೆ ಮಡಚಿ ನೀರು ಸೋರಿಸುತ್ತ ನಿಂತ. ಮೂವತ್ತರ ಹತ್ತಿರದ ವಯಸ್ಸು, ಅಗಲ ಮುಖ, ಒಲೆಯ ಶಾಖಕ್ಕೆ ಕೂದಲು ಸುಟ್ಟು ನುಣುಪಾದ ಮುಂಗೈ. ಹುಡುಗನಾಗಿದ್ದಾಗಲೇ ಬೊಂಬಾಯಿಯ ಹೋಟೆಲಿಗೆ ಸೇರಿ, ಆಮೇಲೆ ದುಬೈಯಲ್ಲಿ ಅಡಿಗೆಯವನಾಗಿದ್ದ. ತಂದೆ ಸತ್ತ ಮೇಲೆ ಮನೆ ನಡೆಸಿದ್ದು ಅವನೇ. ಮೊದಲ ಸಲ ಹೋಗುವಾಗ ಈ ವೈರಸ್ಸಿನ ಪರೀಕ್ಷೆ ಕೇಳಿರಲಿಲ್ಲ, ಹೊಸ ವೀಸಾಕ್ಕೆ ಪರೀಕ್ಷೆ ಮಾಡಿಸಿದಾಗ ಸಿಕ್ಕಿಬಿದ್ದ. ಊರಲ್ಲೇ ಮದುವೆ ಅಡಿಗೆ ಮಾಡೋಣವೆಂದರೆ ಸುದ್ದಿ ಅವನಿಗಿಂತ ಮೊದಲು ತಲುಪಿತ್ತು. ನಿಶ್ಚಯವಾಗಿದ್ದ ಅವನ ಸ್ವಂತ ಮದುವೆಯೂ ಮುರಿದಿತ್ತು.

ನಾನು ಎಲ್ಲವನ್ನೂ ವಿವರಿಸಿದೆ. ಈ ಸಂಶೋಧನೆಯಿಂದ ನಿನಗೆ ಲಾಭವಿಲ್ಲ, ಮುಂದೆ ಬರುವವರಿಗೆ ಆಗಬಹುದು ಎಂದೆ. ನಿನ್ನ ವಿಷಯ ನಿನ್ನ ಅನುಮತಿ ಇಲ್ಲದೆ ಯಾರ ಕಿವಿಗೂ ಹೋಗುವುದಿಲ್ಲ ಎಂದೂ ಹೇಳಿದೆ.

"ಅದು ಬಿಡಿ ಸಿಸ್ಟರ್, ಹೋಗುವ ಕಿವಿಗೆಲ್ಲ ಹೋಗಿಯಾಗಿದೆ," ಎಂದು ನಕ್ಕ. "ಆಡಿನದ್ದು, ಕೋಳಿಯದ್ದು ಲಿವರ್ ನಾನು ಎಷ್ಟು ಕೊಯ್ದಿದ್ದೇನೆ ಲೆಕ್ಕ ಇಲ್ಲ. ಈಗ ನನ್ನದ್ದೇ ಕೊಯ್ಯಲಿಕ್ಕೆ ಜನ ಬಂದದ್ದು. ಸರಿಯೇ ಅಲ್ವಾ?"

"ಕೊಯ್ಯುವುದಲ್ಲ, ಸೂಜಿ. ನೂಲಿನಷ್ಟು ತೆಳು."

"ಅಷ್ಟರಲ್ಲಿ ಎಂತ ಗೊತ್ತಾಗ್ತದೆ?"

ಅವನಿಗೆ ಅರ್ಥವಾಗುವ ಹಾಗೆ ಹೇಳಬೇಕು ಎಂದು ನಾನು ಅಡಿಗೆಯ ಚಪ್ಪರವನ್ನೇ ಹಿಡಿದುಕೊಂಡೆ. ಜೀನು ಎಂದರೆ ಭಂಡಾರಿ ಇದ್ದ ಹಾಗೆ, ದೊಡ್ಡ ಅಡಿಗೆಯ ಮುಖ್ಯಸ್ಥ. ಅವನು ಜಾಗ ಬಿಟ್ಟು ಏಳುವುದಿಲ್ಲ, ಆಜ್ಞೆ ಕಳಿಸುತ್ತಾನೆ. ಆಜ್ಞೆ ಒಲೆಗೆ ಮುಟ್ಟಿದರೆ ಅಡಿಗೆ. ಈ ಚಿಕ್ಕ ತುಣುಕುಗಳು ನಡುದಾರಿಯಲ್ಲಿ ಆಜ್ಞೆ ಹೊತ್ತವನ ಬಾಯಿ ಮುಚ್ಚಿಬಿಡುತ್ತವೆ. ಬೇಡದ ಆಜ್ಞೆ ತಡೆದರೆ ಒಳ್ಳೆಯದು, ಬೇಕಾದ್ದನ್ನು ತಡೆದರೆ ಕೇಡು.

ಮುಸ್ತಫ ತಲೆಯಾಡಿಸಿದ. "ಗೊತ್ತಾಯಿತು. ಮದುವೆಮನೆಯಲ್ಲಿ ಮದುಮಗಳ ಸೋದರಮಾವಂದಿರು. ನಾವು ಉಪ್ಪು ತಾ ಅಂದರೆ ಅವರು ನಡುವೆ ಬಂದು ಬೇಡ ಅಂತಾರೆ."

ಮೈಕ್ರೋ ಆರ್‌ಎನ್‌ಎ ಎಂಬುದಕ್ಕೆ ಆ ದಿನದಿಂದ ನಮ್ಮ ನಡುವೆ ಸೋದರಮಾವ ಎಂದೇ ಹೆಸರು.

ಬೆಳಗ್ಗಿನ ರೈಲಿನಲ್ಲಿ ಅವನನ್ನು ಮಂಗಳೂರಿಗೆ ಕರೆದುಕೊಂಡು ಹೋದೆ. ಕಿಟಕಿಯ ಹೊರಗೆ ಹೊಳೆಗಳೆಲ್ಲ ಕೆಂಪಗೆ ತುಂಬಿದ್ದವು. ಪಕ್ಕೆಲುಬಿನ ನಡುವೆ ಸೂಜಿ ಹೋದಾಗ ಉಸಿರು ಬಿಗಿಹಿಡಿದು ನನ್ನ ಕೈಬೆರಳು ಹಿಡಿದುಕೊಂಡಿದ್ದ. ಚೂರು ಬಂದ ಕೂಡಲೇ ನನ್ನ ಕೆಲಸ. ಹೊಸ ಕೈಗವಸು, ಬಾಯಿಗೆ ಮಾಸ್ಕು, ನಳಿಕೆಯ ಮೇಲೆ ಉಸಿರು ಬೀಳದ ಹಾಗೆ ಮುಖ ತಿರುಗಿಸಿ, ದ್ರವ ನೈಟ್ರೋಜನ್ನಿನ ಕೊಡಕ್ಕೆ ಇಳಿಸಬೇಕು. ಬಿಳಿ ಹೊಗೆ ಮೇಲೆದ್ದು ನೆಲಕ್ಕೆ ಹರಿಯಿತು. ಆರ್‌ಎನ್‌ಎ ಬಹಳ ನಾಜೂಕಿನದ್ದು. ನಮ್ಮ ಬೆರಳ ತುದಿಯ ಬೆವರಿನಲ್ಲೇ ಅದನ್ನು ಕತ್ತರಿಸಿ ಹಾಕುವ ಕಿಣ್ವ ಇರುತ್ತದೆ.

"ಅಷ್ಟು ಹೆದರುವುದು ಯಾಕೆ ಸಿಸ್ಟರ್? ನನ್ನದ್ದು ನಿಮಗೆ ಹತ್ತಬಾರದು ಅಂತಲಾ?" ಮಲಗಿದ್ದಲ್ಲಿಂದಲೇ ಕೇಳಿದ.

"ಅಲ್ಲ ಮಾರಾಯ. ನನ್ನದ್ದು ನಿನ್ನದ್ದಕ್ಕೆ ಹತ್ತಬಾರದು ಅಂತ."

ಅವನು ನನ್ನ ಕಡೆ ತಲೆ ಹೊರಳಿಸಿದ. ಆಮೇಲೆ, ಮನೆಯಲ್ಲಿ ಇದನ್ನು ನೀವೊಮ್ಮೆ ಬಂದು ಹೇಳಬೇಕು ಎಂದ. ವಿಷಯ ಆಗ ಹೊರಬಿತ್ತು. ಅವನಿಗೆ ಮನೆಯಲ್ಲಿ ಬೇರೆ ತಟ್ಟೆ.

ಆ ಕಡೆಯ ಮುಸ್ಲಿಮರ ಮನೆಗಳಲ್ಲಿ ಗಂಡಸರು ಒಂದೇ ಹರಿವಾಣದಿಂದ ಉಣ್ಣುತ್ತಾರೆ. ಅಣ್ಣ, ತಮ್ಮ, ಭಾವ, ಬಂದ ನೆಂಟ, ಎಲ್ಲರ ಕೈಯೂ ಒಂದೇ ರಾಶಿಗೆ. ನಾನು ಬೆಳೆದ ಕಡೆಯೂ ಕಲಿತ ಕಡೆಯೂ ಹಾಗಿಲ್ಲ, ಹಾಗಾಗಿ ಹರಿವಾಣದಿಂದ ಒಬ್ಬನನ್ನು ಎಬ್ಬಿಸುವುದೆಂದರೆ ಏನೆಂದು ನನಗೆ ಮೊದಲು ತಿಳಿಯಲಿಲ್ಲ. ತಮ್ಮ ಹಮೀದನೇ, ಕೆಟ್ಟ ಮನಸ್ಸಿನಿಂದಲ್ಲ, ಹೆದರಿಕೆಯಿಂದ, "ಇಚ್ಚ, ಸ್ವಲ್ಪ ಸಮಯ ನೀನು ಬೇರೆ ಹಾಕಿಕೊಂಡರೆ ಆಗ್ತದಾ?" ಎಂದು ಕೇಳಿದ್ದನಂತೆ. ಅಣ್ಣನನ್ನು ಅವರು ಇಚ್ಚ ಎನ್ನುತ್ತಾರೆ. ಮುಸ್ತಫ ಆಗ್ತದೆ ಎಂದು ಎದ್ದಿದ್ದ. ಸ್ಟೀಲಿನ ತಟ್ಟೆ ಹಿಡಿದು ಒಳಜಗಲಿಯ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದ.

ಅವನ ತಾಯಿ ಮಾತ್ರ ಒಪ್ಪಿರಲಿಲ್ಲ. ಅವನು ಉಂಡು ಬಿಟ್ಟದ್ದನ್ನು ಅದೇ ತಟ್ಟೆಯಲ್ಲಿ ಎಲ್ಲರೆದುರು ಕೂತು ಉಣ್ಣುತ್ತಿದ್ದರು. "ಬರುವುದಾದರೆ ನನಗೂ ಬರಲಿ" ಎಂದು ಗಂಡುಮಕ್ಕಳಿಗೆ ಕೇಳುವ ಹಾಗೆ ಹೇಳುತ್ತಿದ್ದರು.

ಜುಲೈಯಲ್ಲಿ ಉಪವಾಸದ ತಿಂಗಳು ಶುರುವಾಯಿತು. ಒಂದು ಸಂಜೆ ನಾನು ಶಿರಿಯಕ್ಕೆ ಹೋದೆ. ಮಳೆ ಹಂಚಿನ ಮೇಲೆ ಸುರಿಯುತ್ತಿತ್ತು. ಬೀಫಾತಿಮ್ಮ ಸಣ್ಣ ದೇಹದ ಹೆಂಗಸು, ತಲೆಗೆ ಬಿಳಿ ಬಟ್ಟೆ, ನಡೆಯುವಾಗ ಒಂದು ಕಾಲು ಸ್ವಲ್ಪ ಎಳೆಯುತ್ತಿತ್ತು. ನನ್ನನ್ನು ಕೈ ಹಿಡಿದು ಒಳಗೆ ಕೂರಿಸಿದರು.

"ನೀವಾ ನನ್ನ ಮೋನನ ಲಿವರ್ ತೆಗೆದುಕೊಂಡು ಹೋದದ್ದು?" ಅಲ್ಲಿ ಮಗನಿಗೆ ಮೋನ, ತಾಯಿಗೆ ಉಮ್ಮ.

"ಸ್ವಲ್ಪ ಉಮ್ಮ. ಬಾಕಿ ಅವನಲ್ಲೇ ಉಂಟು."

"ಆಗಲಿ. ಅಲ್ಲಿ ಎಂತ ಕಂಡಿತು? ಯಾರು ಕೊಟ್ಟದ್ದು ಅವನಿಗೆ ಇದು? ಊರವರು ಬೊಂಬಾಯಿ, ಬೊಂಬಾಯಿ ಅಂತಾರೆ. ನನ್ನ ಮೋನ ಅಂಥವನಲ್ಲ. ಕೊಟ್ಟವರು ಸಿಕ್ಕಿದರೆ ನಾನು ಬಿಡುವುದಿಲ್ಲ, ಸಿಸ್ಟರ್."

ಮಸೀದಿಯಿಂದ ಬಾಂಗು ಕೇಳಿತು. ನೀರು, ಖರ್ಜೂರ ಆಗಿ, ಅವರು ನಮಾಜು ಮುಗಿಸಿ ಬಂದರು. ಆ ದಿನ ಮುಸ್ತಫನೇ ನೆಯ್ಚೋರು ಮಾಡಿದ್ದ. ಗಂಡಸರು ಹರಿವಾಣಕ್ಕೆ ಕೂತರು, ಅವನು ತಟ್ಟೆ ಹಿಡಿದು ಮೆಟ್ಟಿಲ ಕಡೆ ಹೊರಟ. ನಾನು ನಡುಮನೆಗೆ ಹೋಗಿ ನಿಂತು, ವಾರ್ಡಿನಲ್ಲಿ ಹೇಳುವ ಸ್ವರದಲ್ಲಿಯೇ ಹೇಳಿದೆ. ಇದು ರಕ್ತದಿಂದ ಹತ್ತುತ್ತದೆ, ಸೂಜಿಯಿಂದ, ಬ್ಲೇಡಿನಿಂದ, ಗಂಡ ಹೆಂಡಿರ ಸಂಬಂಧದಿಂದ. ಒಟ್ಟಿಗೆ ಉಂಡರೆ ಹತ್ತುವುದಿಲ್ಲ. ಬೇಕಿದ್ದರೆ ಎಲ್ಲರೂ ರಕ್ತ ಕೊಡಿ, ಇಲ್ಲದವರಿಗೆ ಲಸಿಕೆ ಹಾಕಿಸುತ್ತೇನೆ.

ಹಮೀದ ತಲೆ ತಗ್ಗಿಸಿ, "ನೀವು ಹೇಳುವುದು ಸರಿ ಇರಬಹುದು ಸಿಸ್ಟರ್. ಆದರೂ..." ಎಂದ.

ನಾನು ಕೈ ತೊಳೆದು ಬಂದೆ. ಮುಸ್ತಫನನ್ನು ಕರೆದು ಹರಿವಾಣದ ಹತ್ತಿರ ಕೂರಿಸಿ, ಕೈ ಹಾಕು ಎಂದೆ. ಅವನು ಹೆದರುತ್ತ ಒಂದು ತುತ್ತು ಕಲಸಿದ. ಅವನ ಬೆರಳು ಎದ್ದ ಜಾಗದಿಂದಲೇ ನಾನೊಂದು ತುತ್ತು ತೆಗೆದು ಬಾಯಿಗೆ ಹಾಕಿದೆ. ಇನ್ನೊಬ್ಬರ ಲೋಟದಲ್ಲಿ ನೀರು ಕುಡಿಯದವಳು ನಾನು. ಗಂಟಲಲ್ಲಿ ಇಳಿಯುವವರೆಗೆ ಮೇಟ್ರನ್ ಹಿಂದೆ ನಿಂತ ಹಾಗೆಯೇ ಇತ್ತು.

"ಉಪ್ಪು ಸ್ವಲ್ಪ ಕಡಿಮೆ," ಎಂದೆ.

ಬೀಫಾತಿಮ್ಮ ಗಟ್ಟಿಯಾಗಿ ನಕ್ಕರು. "ನೋಡು ಹಮೀದಾ, ಟೀಚರಮ್ಮನ ಹಾಗೆ ಇರುವವರು ನೆಲಕ್ಕೆ ಕೂತು ಉಣ್ತಾರೆ. ನೀನು ದೊಡ್ಡ ನವಾಬ!" ಹಮೀದನ ಮುಖ ಕೆಂಪಾಯಿತು. ಅವನೂ ಕೈ ಹಾಕಿದ. ಆಮೇಲೆ ಇನ್ನೊಬ್ಬ ತಮ್ಮ. ಹೊರಗೆ ಮಳೆ ಹೊಡೆಯುತ್ತಿತ್ತು. ಮುಸ್ತಫ ಉಣ್ಣುವುದನ್ನೇ ಮರೆತು ಆ ಮೂರು ಕೈಗಳನ್ನು ನೋಡುತ್ತಿದ್ದ.

ಉಪವಾಸದ ತಿಂಗಳು ಮುಗಿಯುವವರೆಗೆ ಆ ಮನೆಯಲ್ಲಿ ಬೇರೆ ತಟ್ಟೆ ಇರಲಿಲ್ಲ. ಅಕ್ಕಪಕ್ಕದ ಮನೆಗೂ ಸುದ್ದಿ ಹೋಯಿತು. ಒಂದು ಕುಟುಂಬದವರು ಸಣ್ಣ ಔತಣಕ್ಕೆ ಅವನನ್ನು ಅಡಿಗೆಗೆ ಕರೆದರು. ಅವನು ನನಗೆ ಫೋನ್ ಮಾಡಿ, "ಸಿಸ್ಟರ್, ಇವತ್ತು ಉಪ್ಪು ಸರಿ ಉಂಟು" ಎಂದು ಹೇಳಿದ್ದ.

ಹಬ್ಬಕ್ಕೆ ಮೊದಲೇ ಎಲ್ಲರ ರಕ್ತ ತೆಗೆದಿದ್ದೆ. ಬೀಫಾತಿಮ್ಮ ತೋಳು ಚಾಚುತ್ತ, ನನ್ನದ್ದೆಂತ ಉಂಟೋ ಮೋನನಿಗೆ ಹೇಳಿಬಿಡಿ, ನನಗೆ ಈ ಆಸ್ಪತ್ರೆಯ ಮಾತು ಅರ್ಥವಾಗುವುದಿಲ್ಲ ಎಂದಿದ್ದರು. ಹಬ್ಬ ಕಳೆದ ಮೇಲೆ ಮುಸ್ತಫ ತನ್ನ ಚಿಕಿತ್ಸೆಗಾಗಿ ಮಂಗಳೂರಿಗೆ ಹೋಗಬೇಕಿತ್ತು. ನಾನೂ ಹೋದೆ. ಅವನಿಗೆ ಮಾತ್ರೆ ಶುರು ಮಾಡಿದರು. ಸೂಜಿಯಲ್ಲಿ ಬಂದ ಚೂರು ಹೇಳಿದಂತೆ ಲಿವರ್ ಆಗಲೇ ಸಾಕಷ್ಟು ಗಡುಸಾಗಿತ್ತು. ಅವನು ಕೇಳಿದ್ದು ಒಂದೇ ಪ್ರಶ್ನೆ.

"ಡಾಕ್ಟರ್, ಇದು ನನಗೆ ಎಲ್ಲಿಂದ ಬಂತು? ನನಗೆ ಗೊತ್ತಾದರೆ ಸಾಕು. ನಾನು ತಪ್ಪು ಮಾಡಿಲ್ಲ ಅಂತ ಆ ಹುಡುಗಿಯ ಮನೆಯವರಿಗೆ ಹೇಳಬೇಕು."

ಡಾಕ್ಟರ್ ವೀಣಾ ಅವರಿಗೆ ಒಳ್ಳೆಯ ಸುದ್ದಿ ಕೊಡುವ ಹುರುಪು. "ಮುಸ್ತಫ, ನಿಮ್ಮ ತಮ್ಮಂದಿರಿಗೆ ಏನೂ ಇಲ್ಲ. ನಿಮ್ಮ ತಾಯಿಗೆ ಉಂಟು. ಅದು ಹೊಸದಲ್ಲ, ಎಷ್ಟೋ ವರ್ಷ ಹಳೆಯದು, ಈಗ ಸುಮ್ಮನೆ ಮಲಗಿದೆ, ಅವರಿಗೆ ತೊಂದರೆ ಇಲ್ಲ. ನಿಮ್ಮಿಬ್ಬರ ರಕ್ತದ ವೈರಸ್ಸೂ ಒಂದೇ ಬಗೆಯದು. ಹೆರಿಗೆಯ ಹೊತ್ತಿನಲ್ಲಿ ಮಗುವಿಗೆ ದಾಟುತ್ತದೆ. ಆಗ ಇಲ್ಲಿ ಹುಟ್ಟಿದ ಮಕ್ಕಳಿಗೆ ಇದರ ಲಸಿಕೆ ಇರಲಿಲ್ಲ. ತಮ್ಮಂದಿರು ಹುಟ್ಟುವ ಹೊತ್ತಿಗೆ ತಾಯಿಯ ಮೈಯಲ್ಲಿ ಅದರ ಜೋರು ಇಳಿದಿರಬೇಕು. ನೀವು ಚೊಚ್ಚಲ ಮಗ. ನಿಮ್ಮದು ಬೊಂಬಾಯಿಯದ್ದೂ ಅಲ್ಲ, ದುಬೈಯದ್ದೂ ಅಲ್ಲ."

ಅವನು ನಕ್ಕುಬಿಟ್ಟ. ಹೆಗಲ ಮೇಲಿನ ಅಕ್ಕಿಮೂಟೆ ಇಳಿಸಿದವನಂತೆ ಉಸಿರುಬಿಟ್ಟ. ಕಾರಿಡಾರಿನಲ್ಲಿ ನಡೆಯುವಾಗಲೂ ನಗುತ್ತಿದ್ದ. ರೈಲು ಹತ್ತಿ ಕುಳಿತ ಮೇಲೆ ಮುಖ ನಿಧಾನವಾಗಿ ಬದಲಾಯಿತು. ಉಳ್ಳಾಲದ ಸೇತುವೆ ದಾಟುವಾಗ ಅವನು ಹೊಳೆಯನ್ನು ನೋಡುತ್ತಿರಲಿಲ್ಲ. 

ತಾಯಿಗೆ ಅವರ ಫಲಿತಾಂಶ ತಿಳಿಸಲೇಬೇಕಿತ್ತು, ವರ್ಷಕ್ಕೆ ಒಂದೆರಡು ಸಲ ಅವರೂ ಪರೀಕ್ಷೆಗೆ ಬರಬೇಕು. ಮಗನೇ ಹೇಳಲೆಂದು ಕಾದೆ. ಅವನು ಹೇಳಲಿಲ್ಲ, ನೀವೇ ಹೇಳಿ ಎಂದ. ಆ ವಾರವೇ ಒಂದು ಸಂಜೆ ಹೋದೆ. ಮಕ್ಕಳೆಲ್ಲ ಮನೆಯಲ್ಲಿದ್ದರು. ಚಾ ತಂದಿಟ್ಟರು. ಉಮ್ಮನ ಹತ್ತಿರ ಒಳಗೆ ಕೂತು ಮಾತಾಡೋಣ ಎಂದರೆ ಅವರು ಕೇಳಲಿಲ್ಲ.

"ಇಲ್ಲೇ ಹೇಳಿ. ನನ್ನದ್ದೆಂತ ಗುಟ್ಟು?"

"ಉಮ್ಮ, ಹೆದರುವಂಥದ್ದು ಏನೂ ಇಲ್ಲ. ಮುಸ್ತಫನಿಗೆ ಇರುವುದು ನಿಮ್ಮ ರಕ್ತದಲ್ಲೂ ಉಂಟು. ಆದರೆ ಸುಮ್ಮನೆ ಇದೆ. ಮದ್ದು ಬೇಡ."

ಬೀಫಾತಿಮ್ಮ ನನ್ನ ಮುಖ ನೋಡಿದರು. ಆಮೇಲೆ ಅವರ ಕಣ್ಣಲ್ಲಿ ಬಂದದ್ದನ್ನು ನಾನು ಈ ಆಯುಷ್ಯದಲ್ಲಿ ಮರೆಯಲಾರೆ. ಅದು ಹೆದರಿಕೆಯಲ್ಲ, ಗೆದ್ದವರ ಬೆಳಕು.

"ಬಂತಾ? ನನ್ನ ಮೋನನದ್ದು ನನಗೂ ಬಂತಾ? ಬರಲಿ!" ಮಗನ ಕಡೆ ತಿರುಗಿ ಅವನ ಗಲ್ಲ ಹಿಡಿದರು. "ನೋಡು, ನಿನ್ನ ತಟ್ಟೆಯಲ್ಲಿ ಉಂಡದ್ದಕ್ಕೆ. ಇನ್ನು ನೀನು ಒಬ್ಬನೇ ಅಲ್ಲ. ಇವರಿಗೆಲ್ಲ ಹೆದರಿಕೆ, ಉಮ್ಮನಿಗೆ ಎಂತದ್ದು ಹೆದರಿಕೆ!"

ಹಮೀದನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಅವನು ನನ್ನತ್ತ ನೋಡಿದ ನೋಟದಲ್ಲಿ ಎಲ್ಲವೂ ಇತ್ತು. ನಾನು ಅವನನ್ನು ಹರಿವಾಣಕ್ಕೆ ಕೂರಿಸಿದವಳು. ನನ್ನ ಮಾತು ನಂಬಿ ಕೈ ಹಾಕಿದವನು ಅವನು.

"ಉಮ್ಮ, ಹಾಗಲ್ಲ ಅದು..." ನಾನು ಶುರು ಮಾಡಿದೆ.

"ಸಿಸ್ಟರ್," ಎಂದ ಮುಸ್ತಫ. ಸ್ವರ ಏರಿರಲಿಲ್ಲ. "ನೀವು ಚಾ ಕುಡಿಯಿರಿ. ತಣಿಯುತ್ತದೆ."

ನಾನು ಚಾ ಕುಡಿದೆ.

ಬಸ್‌ಸ್ಟಾಪಿನವರೆಗೆ ಅವನು ಕೊಡೆ ಹಿಡಿದುಕೊಂಡು ಬಂದ. ದಾರಿಯ ಬದಿಯ ತೋಡು ತುಂಬಿ ಹರಿಯುತ್ತಿತ್ತು.

"ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತಲ್ಲ ಮುಸ್ತಫ," ಎಂದೆ. "ತಟ್ಟೆಯಿಂದ ಬಂದದ್ದಲ್ಲ, ಅವರಿಂದಲೇ ನಿನಗೆ ಬಂದದ್ದು ಅಂತ. ತಮ್ಮಂದಿರ ಹೆದರಿಕೆ ಹೋಗುತ್ತಿತ್ತು. ಬೊಂಬಾಯಿ ಮಾತು ನಿಲ್ಲುತ್ತಿತ್ತು. ಆ ಹುಡುಗಿಯ ಮನೆಯವರಿಗೂ..."

"ಹೌದು. ಎಲ್ಲ ಸರಿಯಾಗ್ತಿತ್ತು."

"ಇನ್ನು ಯಾರು ನಿನ್ನನ್ನು ಅಡಿಗೆಗೆ ಕರೆಯುತ್ತಾರೆ?"

"ಕರೆಯುವುದಿಲ್ಲ." ಕೊಡೆಯನ್ನು ನನ್ನ ಕಡೆ ವಾಲಿಸಿದ. "ಸಿಸ್ಟರ್, ಕೊಟ್ಟವರು ಸಿಕ್ಕಿದರೆ ಬಿಡುವುದಿಲ್ಲ ಅಂತ ಉಮ್ಮ ನಿಮ್ಮ ಹತ್ತಿರ ಹೇಳಿದ್ದು ನೆನಪುಂಟಾ? ಅವರು ತಮ್ಮನ್ನೇ ಬಿಡುವುದಿಲ್ಲ. ನನ್ನನ್ನು ಹೆರುವಾಗ ಅವರ ಕಾಲಿಗೆ ಪೆಟ್ಟಾದದ್ದು, ಈಗಲೂ ಎಳೆಯುತ್ತಾರೆ. ಬಾಪ ಬೈದಾಗೆಲ್ಲ ಉಮ್ಮ ಹೇಳುತ್ತಿದ್ದರು, ಕಾಲು ಹೋದರೆ ಹೋಯಿತು, ಮೋನ ಸರಿ ಇದ್ದಾನಲ್ಲ ಅಂತ. ಸರಿ ಇರಲಿಲ್ಲ ಅಂತ ನಾನು ಹೇಗೆ ಹೇಳುವುದು?"

ಬಸ್ಸಿನ ದೀಪ ಕಾಣಿಸಿತು.

"ನೀವು ಸಹ ಹೇಳಬಾರದು. ಅನುಮತಿ ಇಲ್ಲದೆ ಹೇಳುವುದಿಲ್ಲ ಅಂತ ನೀವೇ ಹೇಳಿದ್ದು." ನಂತರ ನಗಲು ನೋಡಿದ. "ನಿಮ್ಮ ಸೋದರಮಾವನ ಕೆಲಸ ಈಗ ನಾನು ಮಾಡಿದ್ದು. ಆಜ್ಞೆ ಒಲೆಗೆ ಮುಟ್ಟಲಿಲ್ಲ."

ತಟ್ಟೆ ಮರಳಿ ಬಂತು. ನಾನು ಆಮೇಲೆ ಎರಡು ಸಲ ಹೋಗಿ ಹಮೀದನಿಗೆ ಬಿಡಿಸಿ ಹೇಳಿದೆ: ನಿನ್ನ ತಾಯಿಯದ್ದು ಊಟದಿಂದ ಬಂದದ್ದಲ್ಲ. ಹಾಗಾದರೆ ಎಲ್ಲಿಂದ ಬಂತು ಎಂದು ಕೇಳಿದ. ಅಲ್ಲಿಗೆ ನನ್ನ ಮಾತು ನಿಂತಿತು. ಅವನು ಮರ್ಯಾದೆಯಿಂದ, "ಆಯಿತು ಸಿಸ್ಟರ್" ಎಂದ. ಲಸಿಕೆ ಹಾಕಿಸಿಕೊಂಡ ಮೇಲೂ ತಮ್ಮಂದಿರು ಹರಿವಾಣಕ್ಕೆ ಅಣ್ಣನನ್ನು ಕರೆಯಲಿಲ್ಲ. ಹೆದರಿಕೆ ಒಮ್ಮೆ ಸುಳ್ಳಾಗಿ ಮತ್ತೆ ನಿಜವಾದರೆ ಅದನ್ನು ಕೀಳಲು ಯಾವ ನರ್ಸಿಗೂ ಆಗುವುದಿಲ್ಲ.

ಆದರೆ ಒಂದು ಬದಲಾವಣೆ ಆಗಿತ್ತು. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಹೋದಾಗ ನೋಡಿದೆ. ಒಳಜಗಲಿಯ ಮೆಟ್ಟಿಲ ಮೇಲೆ ತಾಯಿ ಮಗ ಎದುರುಬದುರು ಕೂತಿದ್ದರು. ನಡುವೆ ಅದೇ ಸ್ಟೀಲಿನ ತಟ್ಟೆ. ಈಗ ಬೀಫಾತಿಮ್ಮ ಅವನು ಬಿಟ್ಟದ್ದಕ್ಕೆ ಕಾಯುತ್ತಿರಲಿಲ್ಲ. ಮೀನಿನ ಮುಳ್ಳು ತೆಗೆದು ತೆಗೆದು ಅವನ ಕಡೆಗೆ ಸರಿಸುತ್ತಿದ್ದರು. ಬಂದದ್ದು ಬಂದಾಯಿತು, ಇನ್ನೆಂತ ಎಂದು ನನ್ನ ಕಡೆ ನೋಡಿ ಹೇಳಿದರು. ಅವನು ತಲೆ ಎತ್ತಲಿಲ್ಲ, ಉಣ್ಣುತ್ತಿದ್ದ.

ಮಳೆ ನಿಂತಿತು. ಕಾಸರಗೋಡಿನ ನಮ್ಮ ಕೋಣೆಯನ್ನು ಮುಚ್ಚಿದೆವು. ಕೊನೆಯ ಕೊಡ ಮಂಗಳೂರಿಗೆ ಒಪ್ಪಿಸಿ, ಬೀಗದ ಕೈ ಕೊಟ್ಟು ನಾನು ಮುಳ್ಳೇರಿಯಕ್ಕೆ ಮರಳಿದೆ.

ಮರುವರ್ಷ ಡಾಕ್ಟರ್ ವೀಣಾ ಕರೆದು ತಮ್ಮ ಕಂಪ್ಯೂಟರಿನಲ್ಲಿ ಫಲಿತಾಂಶ ತೋರಿಸಿದರು. ಕೆಂಪು, ಹಸಿರು ಚೌಕಗಳು, ಬಣ್ಣದ ಚಾಪೆಯ ಹಾಗೆ. ಒಂದೊಂದು ಸಾಲು ಒಂದೊಂದು ಜೀನು, ಒಂದೊಂದು ಕಂಬ ಒಬ್ಬೊಬ್ಬ ಮನುಷ್ಯ. ಆರೋಗ್ಯವಂತ ಲಿವರ್‌ನಲ್ಲಿ ಧಾರಾಳವಾಗಿ ಇರುವ ಒಂದು ಮೈಕ್ರೋ ಆರ್‌ಎನ್‌ಎ ಉಂಟು. ನೂರ ಇಪ್ಪತ್ತೆರಡು ಅದರ ನಂಬರು. ಅದು ವೈರಸ್ಸನ್ನು ಸ್ವಲ್ಪ ಹದ್ದುಬಸ್ತಿನಲ್ಲಿಡುತ್ತದಂತೆ. ಗಡುಸಾದ ಲಿವರ್‌ಗಳ ಕಂಬಗಳಲ್ಲಿ ಆ ಚೌಕ ಮಂಕಾಗಿತ್ತು. ಕೆಲವರದ್ದು ಬಹಳ ಮಂಕು. ಅಲ್ಲಿ ಯಾರ ಹೆಸರೂ ಇರಲಿಲ್ಲ. ಯಾವುದು ಅವನ ಕಂಬ ಎಂದು ನಾನು ಕೇಳಲಿಲ್ಲ.

2016ರಲ್ಲಿ ಮುಸ್ತಫನಿಗೆ ಗಡ್ಡೆ ಕಂಡಿತು. ಮಾತ್ರೆ ಒಂದು ದಿನವೂ ತಪ್ಪಲು ಬಿಟ್ಟಿರಲಿಲ್ಲ ಅವನ ತಾಯಿ. ಮಾತ್ರೆ ವೈರಸ್ಸನ್ನು ಅಡಗಿಸಿತ್ತು, ಆದರೆ ಆ ಹೊತ್ತಿಗೆ ಲಿವರ್ ತನ್ನ ದಾರಿ ಹಿಡಿದಿತ್ತು. ನಾನು ನೋಡಲು ಹೋದಾಗ ಅವನ ಅಗಲ ಮುಖದಲ್ಲಿ ಮೂಳೆ ಮಾತ್ರ ಉಳಿದಿತ್ತು. ಹೊಟ್ಟೆ ಉಬ್ಬಿತ್ತು. ಕಣ್ಣು ಅರಸಿನ.

"ನನ್ನ ಚೂರು ಇನ್ನೂ ತಣ್ಣಗೆ ಉಂಟಾ ಸಿಸ್ಟರ್?"

"ಉಂಟು. ಹಾಗೆಯೇ ಉಂಟು."

"ಅದು ನನಗಿಂತ ಜಾಸ್ತಿ ಬಾಳ್ತದೆ ಮಾರಾಯ್ರೆ," ಎಂದು ನಕ್ಕ. ನಗು ಅರ್ಧಕ್ಕೆ ನೋವಾಯಿತು. ತಾಯಿ ನೀರು ತರಲು ಎದ್ದು ಹೋದಾಗ ನನ್ನ ಬೆರಳು ಹಿಡಿದ, ಹಿಂದೊಮ್ಮೆ ಸೂಜಿ ಚುಚ್ಚುವಾಗ ಹಿಡಿದ ಹಾಗೆಯೇ.  ಏನು ಕೇಳುತ್ತಿದ್ದಾನೆಂದು ಗೊತ್ತಾಯಿತು. ಇಲ್ಲ, ಹೇಳುವುದಿಲ್ಲ ಎಂದೆ. ಆ ಮಳೆಗಾಲ ಮುಗಿಯುವ ಮೊದಲೇ ಅವನು ಹೋದ.

ಕಳೆದ ತಿಂಗಳು, ಮದುವೆ ಊಟ ಬಿಟ್ಟು ಶಿರಿಯದಲ್ಲಿ ಇಳಿದ ದಿನ, ಬೀಫಾತಿಮ್ಮ ಒಳಜಗಲಿಯ ಆ ಮೆಟ್ಟಿಲ ಮೇಲೆಯೇ ಉಣ್ಣಲು ಕೂತಿದ್ದರು. ನನ್ನನ್ನು ನೋಡಿ ಏಳಹೊರಟರು, ನಾನು ಬಿಡಲಿಲ್ಲ. ಮುದುಕಿಯಾಗಿದ್ದಾರೆ, ಆದರೆ ಮೈ ಗಟ್ಟಿ, ಕಣ್ಣು ನಿರ್ಮಲ. ಅವರ ಮುಂದೆ ಸ್ಟೀಲಿನ ತಟ್ಟೆ. ಒಳಗೆ ಹಮೀದನ ಮಕ್ಕಳು ಗಲಾಟೆ ಮಾಡುತ್ತ ಹರಿವಾಣದ ಸುತ್ತ ಕೂತಿದ್ದರು. ಹುಟ್ಟಿದ ಕೂಡಲೇ ಲಸಿಕೆ ಹಾಕಿಸಿಕೊಂಡ ಮಕ್ಕಳು.

"ಅವರೊಟ್ಟಿಗೆ ಕೂರಬಹುದಲ್ಲ ಉಮ್ಮ?"

"ಬೇಡ. ನನಗೆ ಇದು ಅಭ್ಯಾಸ." ಒಂದು ತುತ್ತು ಕಲಸಿ, ಹಾಗೆಯೇ ಹಿಡಿದುಕೊಂಡು ಕೇಳಿದರು. "ಒಂದು ಕೇಳಲಿಕ್ಕುಂಟು ಸಿಸ್ಟರ್. ಇದು ಒಮ್ಮೆ ಬಂದರೆ ಹೋಗುವುದಿಲ್ಲ ಅಂತ ಆಗ ಹೇಳಿದ್ದರು. ಈಗ ಹೊಸ ಮದ್ದು ಎಂತಾದರೂ ಬಂದುಂಟಾ? ಹಮೀದ ಹೇಳ್ತಾನೆ, ಮಂಗಳೂರಿನಲ್ಲಿ ತೆಗೆಸಿಬಿಡುವ ಅಂತ."

"ಇಲ್ಲ ಉಮ್ಮ. ಅಡಗಿಸಿ ಇಡಲಿಕ್ಕೆ ಆಗುತ್ತದೆ. ಪೂರ್ತಿ ತೆಗೆಯಲಿಕ್ಕೆ ಇನ್ನೂ ಆಗುವುದಿಲ್ಲ."

ಅವರು ಹಿಡಿದ ಉಸಿರು ಬಿಟ್ಟರು. ಮುಖ ಸಡಿಲಾಯಿತು.

"ಹಾಗಾದರೆ ಒಳ್ಳೆಯದು. ಅವನ ಅಂಗಿ ಎಲ್ಲ ಕೊಟ್ಟಾಯಿತು, ಮಂಚ ಮಕ್ಕಳು ಮಲಗಿ ಮುರಿದರು. ಅವನದ್ದು ಅಂತ ನನ್ನ ಹತ್ತಿರ ಬೇರೆ ಎಂತ ಉಂಟು ಹೇಳಿ?" ಎಡಗೈಯನ್ನು ಬಲ ಪಕ್ಕೆಲುಬಿನ ಕೆಳಗೆ, ಲಿವರ್ ಇರುವ ಕಡೆ, ಸೀರೆಯ ಮೇಲಿಂದಲೇ ಮೆಲ್ಲಗೆ ಇಟ್ಟುಕೊಂಡರು. "ಇಲ್ಲಿ ಸ್ವಲ್ಪ ಅವನದ್ದು ಉಂಟಲ್ಲ. ನಾನು ಹೋಗುವವರೆಗೆ ಇರ್ತದೆ."

ನಾನು ಕೈ ತೊಳೆದು ಬಂದು ಅವರ ಎದುರು ಮೆಟ್ಟಿಲ ಮೇಲೆ ಕೂತೆ. ತಟ್ಟೆಯ ಈಚೆ ಬದಿಯಿಂದ ಒಂದು ತುತ್ತು ತೆಗೆದೆ.

"ಉಣ್ಣಿ ಉಮ್ಮ," ಎಂದೆ. "ತಣಿಯುತ್ತದೆ."